ರಕ್ತ ಕೊಟ್ಟವರ ಮಾತನ್ನೂ ಕೇಳಬೇಕು

ಆಸ್ಪತ್ರೆಯ ಪ್ರಯೋಗಾಲಯವೆಂದರೆ ನಮ್ಮಲ್ಲಿ ಬಹುಮಂದಿಯ ಪಾಲಿಗೆ ಒಂದು ಕಿಂಡಿ ಮಾತ್ರ. ಕಿಂಡಿಯಲ್ಲಿ ಚೀಟಿ ಕೊಡುತ್ತೇವೆ, ಹಣ ಕಟ್ಟುತ್ತೇವೆ, ತೋಳು ಚಾಚುತ್ತೇವೆ, ಹತ್ತಿಯುಂಡೆಯನ್ನು ಒತ್ತಿ ಹಿಡಿದು ಹೊರಬರುತ್ತೇವೆ. ಕೆಲವು ಗಂಟೆಗಳ ಬಳಿಕ ಅಂಕೆಗಳು ತುಂಬಿದ ಕಾಗದವೊಂದು ಕೈಸೇರುತ್ತದೆ. ವೈದ್ಯರು ಅದನ್ನು ನೋಡಿ ಮದ್ದು ಬರೆಯುತ್ತಾರೆ, ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುತ್ತಾರೆ ಅಥವಾ ತಗ್ಗಿಸುತ್ತಾರೆ, ಮನೆಗೆ ಕಳುಹಿಸುತ್ತಾರೆ ಇಲ್ಲವೇ ದಾಖಲಾಗಲು ಹೇಳುತ್ತಾರೆ. ಒಂದು ಕುಟುಂಬದ ನೆಮ್ಮದಿಯನ್ನೇ ತೂಗಬಲ್ಲ ಆ ಕಾಗದ ಎಷ್ಟು ಸತ್ಯವೆಂಬುದು ಒಳಗಿರುವ ಯಂತ್ರವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಕಿಂಡಿಯ ಹೊರಗೆ ನಿಂತವರು ಅಲ್ಲಿಯವರೆಗೆ ಹೇಗೆ ಬಂದರು, ಅವರಿಗೆ ಯಾರು ಏನು ಹೇಳಿದರು, ಅವರು ಏನನ್ನು ಅರ್ಥಮಾಡಿಕೊಂಡರು ಎಂಬುದರಿಂದಲೂ ನಿರ್ಧಾರವಾಗುತ್ತದೆ. ಈ ವಾರ ನಾವು ಓದುಗರ ಗಮನವನ್ನು ಸೆಳೆಯಬಯಸುವುದು ಈ ವಿಷಯದತ್ತ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರು ಒಂದು ಕಾಲದಲ್ಲಿ ಸಣ್ಣಪುಟ್ಟ ಪರೀಕ್ಷೆಗೂ ಮಂಗಳೂರಿನ ಬಸ್ಸು ಹಿಡಿಯಬೇಕಾಗಿತ್ತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜೆಸ್ವಿತ್ ಗುರುಗಳಲ್ಲಿ ಒಬ್ಬರಾದ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದಂದಿನಿಂದ ಈ ಭಾಗದ ಎಷ್ಟೋ ತಲೆಮಾರುಗಳು ಅಲ್ಲಿಗೂ ವೆನ್‌ಲಾಕ್ ಆಸ್ಪತ್ರೆಗೂ ನಡೆದಿವೆ. ಇಂದು ಪರಿಸ್ಥಿತಿ ಬದಲಾಗಿದೆ. ತುಂಬೆಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯಿದೆ, ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಸ್ಪತ್ರೆಯಿದೆ, ಮೂಡುಬಿದಿರೆಯಲ್ಲಿ ಆಳ್ವಾಸ್ ಆರೋಗ್ಯ ಕೇಂದ್ರವಿದೆ. ಸರಕಾರಿ ಆಸ್ಪತ್ರೆಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಖಾಸಗಿ ಪ್ರಯೋಗಾಲಯಗಳೂ ಇವೆ. ಯಂತ್ರಗಳು ಊರಿಗೆ ಬಂದಿರುವುದು ಸಂತೋಷದ ಸಂಗತಿ. ಇನ್ನು ಆಗಬೇಕಾದದ್ದು ಜನರಿಂದ ಯಂತ್ರದವರೆಗಿನ ದಾರಿಯ ದುರಸ್ತಿ. ಇಲ್ಲಿ ಯಾವ ಒಂದು ಸಂಸ್ಥೆಯನ್ನೂ ದೂರುವ ಉದ್ದೇಶ ನಮಗಿಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇವೆ. ನಾವು ಹೇಳಲಿರುವುದು ಎಲ್ಲ ಆಸ್ಪತ್ರೆಗಳಿಗೂ, ಎಲ್ಲ ಊರುಗಳಿಗೂ ಸಲ್ಲುವ ಮಾತು.

ಪಾದುವಾ ನಗರದ ಪಾಠ

ಸಂತ ಅಂತೋನಿಯವರ ಹೆಸರಿನೊಂದಿಗೆ ನಾವೆಲ್ಲರೂ ಬಲ್ಲ ಇಟಲಿಯ ಪಾದುವಾ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯ ತುರ್ತು ಪ್ರಯೋಗಾಲಯದಲ್ಲಿ ಮೂರು ತಿಂಗಳ ಕಾಲ ನಡೆದ ಒಂದು ಅಧ್ಯಯನದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. 40,490 ಪರೀಕ್ಷೆಗಳಲ್ಲಿ 189 ತಪ್ಪುಗಳು ಪತ್ತೆಯಾದವು. ಅವುಗಳಲ್ಲಿ ಯಂತ್ರದಲ್ಲಿ ಪರೀಕ್ಷೆ ನಡೆಯುವ ಹಂತಕ್ಕೆ ಸೇರಿದವು ಶೇಕಡಾ 13.3 ಮಾತ್ರ. ಶೇಕಡಾ 68.2ರಷ್ಟು ತಪ್ಪುಗಳು ಪರೀಕ್ಷೆಗೆ ಮೊದಲೇ ಘಟಿಸಿದ್ದವು. ಉಳಿದ ಶೇಕಡಾ 18.5ರಷ್ಟು ಪರೀಕ್ಷೆ ಮುಗಿದ ಮೇಲೆ ಘಟಿಸಿದ್ದವು. ಸುಮಾರು ಹತ್ತು ವರ್ಷಗಳ ನಂತರ ಅದೇ ಪ್ರಯೋಗಾಲಯದಲ್ಲಿ ಅಧ್ಯಯನವನ್ನು ಪುನಃ ನಡೆಸಿದಾಗ ತಪ್ಪುಗಳ ಪ್ರಮಾಣ ಇಳಿದಿತ್ತು, ಆದರೆ ಹಂಚಿಕೆಯ ಕ್ರಮ ಹೆಚ್ಚು ಕಡಿಮೆ ಹಾಗೆಯೇ ಇತ್ತು.

ಪರೀಕ್ಷೆಗೆ ಮೊದಲು ಎಂದರೇನು? ವೈದ್ಯರು ಚೀಟಿ ಬರೆಯುವುದು, ರೋಗಿಗೆ ಸೂಚನೆ ಹೇಳುವುದು, ರೋಗಿ ಸಿದ್ಧನಾಗಿ ಬರುವುದು, ರಕ್ತ ತೆಗೆಯುವುದು, ಶೀಶೆಯ ಮೇಲೆ ಹೆಸರು ಬರೆಯುವುದು, ಅದು ಯಂತ್ರದವರೆಗೆ ತಲಪುವುದು. ಪರೀಕ್ಷೆಯ ನಂತರ ಎಂದರೆ ವರದಿ ಬರೆಯುವುದು, ಸರಿಯಾದ ಕೈಗೆ ಮುಟ್ಟಿಸುವುದು, ಅದರ ಅರ್ಥ ತಿಳಿಯುವುದು. ಈ ಹಂತಗಳೆಲ್ಲ ಮನುಷ್ಯರ ನಡುವಿನ ವ್ಯವಹಾರಗಳು. ಹೆಚ್ಚು ಬೆಲೆಯ ಯಂತ್ರವನ್ನು ತಂದು ಕೂರಿಸಿದ ಮಾತ್ರಕ್ಕೆ ಇವು ಸರಿಹೋಗುವುದಿಲ್ಲ. ಇವನ್ನು ಸರಿಪಡಿಸಬೇಕಾದರೆ ಈ ದಾರಿಯಲ್ಲಿ ನಡೆದವರನ್ನು ಕೇಳಬೇಕು, ಅವರೊಂದಿಗೆ ನಡೆದು ನೋಡಬೇಕು. ಬಳಕೆದಾರರ ಅನುಭವದ ಅಧ್ಯಯನವೆಂದು ಈಗ ಕರೆಯಲಾಗುವ ಪದ್ಧತಿಯ ತಿರುಳು ಇದುವೇ.

‘ಉಪವಾಸ’ ಎಂಬ ಒಂದು ಪದ

ಉದಾಹರಣೆಗೆ ಒಂದೇ ಪದವನ್ನು ತೆಗೆದುಕೊಳ್ಳೋಣ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ‘ಉಪವಾಸವಿದ್ದು ಬನ್ನಿ’ ಎಂದು ಹೇಳುವುದು ವಾಡಿಕೆ. ಹೇಳಿದವರ ಮನಸ್ಸಿನಲ್ಲಿರುವುದು ರಾತ್ರಿಯ ಊಟದ ನಂತರ ಕನಿಷ್ಠ ಎಂಟು ಗಂಟೆ ಏನನ್ನೂ ತಿನ್ನಬಾರದು, ಕಾಫಿ ಚಹಾ ಕುಡಿಯಬಾರದು, ಬರಿಯ ನೀರು ಮಾತ್ರ ಕುಡಿಯಬಹುದು ಎಂದು. ಕೇಳಿದವರ ಮನಸ್ಸಿನಲ್ಲೇನಿದೆ? ನಮಗೆ ಕಥೊಲಿಕರಿಗೆ ವಿಭೂತಿ ಬುಧವಾರದ ಉಪವಾಸವೆಂದರೆ ಒಂದು ಪೂರ್ಣ ಊಟ, ಜತೆಗೆ ಎರಡು ಹೊತ್ತು ಸ್ವಲ್ಪ ಆಹಾರ. ಪರಮಪ್ರಸಾದಕ್ಕೆ ಮೊದಲಿನ ಉಪವಾಸವೆಂದರೆ ಒಂದು ಗಂಟೆ ಮಾತ್ರ. ಅದರಲ್ಲೂ ನೀರಿಗೆ, ಔಷಧಿಗೆ ಅಡ್ಡಿಯಿಲ್ಲ. ನೆರೆಯ ಹಿಂದೂ ಮನೆಗಳಲ್ಲಿ ಏಕಾದಶಿಯ ಉಪವಾಸದಂದು ಅನ್ನ ಬಿಟ್ಟು ಅವಲಕ್ಕಿಯನ್ನೋ ಹಣ್ಣನ್ನೋ ಸ್ವೀಕರಿಸುವವರಿದ್ದಾರೆ. ಮುಸ್ಲಿಂ ಬಂಧುಗಳ ರಂಜಾನ್ ಉಪವಾಸದಲ್ಲಿ ಹಗಲು ಹನಿ ನೀರೂ ಇಲ್ಲ. ಒಂದೇ ಸರತಿಯಲ್ಲಿ ನಿಂತ ಮೂವರು ಒಂದೇ ಪದವನ್ನು ಮೂರು ಬಗೆಯಲ್ಲಿ ಪಾಲಿಸಿ ಬಂದಿದ್ದರೆ ಅದು ಅವರ ತಪ್ಪೇ? ಒಬ್ಬರು ಬಾಳೆಹಣ್ಣು ತಿಂದು ಬಂದಿದ್ದಾರೆ. ಇನ್ನೊಬ್ಬರು ನೀರನ್ನೂ ಬಿಟ್ಟು, ಒಣಗಿದ ಬಾಯಿಯಿಂದ, ನರ ಸಿಗದ ತೋಳಿನಿಂದ ಬಂದಿದ್ದಾರೆ. ಯಂತ್ರಕ್ಕೆ ಇದಾವುದೂ ತಿಳಿಯದು. ಅದು ಅಂಕೆ ಕೊಡುತ್ತದೆ, ಅಂಕೆಯ ಮೇಲೆ ಮಾತ್ರೆ ನಿಲ್ಲುತ್ತದೆ.

‘ರಾತ್ರಿ ಊಟವಾದ ಮೇಲೆ ಬೆಳಿಗ್ಗೆ ರಕ್ತ ಕೊಡುವವರೆಗೆ ನೀರು ಬಿಟ್ಟು ಬೇರೇನೂ ಬೇಡ, ನೀರು ಕುಡಿಯಿರಿ, ಬೆಳಗಿನ ಮಾತ್ರೆಯ ವಿಷಯ ವೈದ್ಯರನ್ನು ಕೇಳಿ’ ಎಂಬ ನೇರವಾದ ವಾಕ್ಯವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಚೀಟಿಯ ಬೆನ್ನಿಗೆ ಅಂಟಿಸಲು ಎಷ್ಟು ಖರ್ಚಾದೀತು? ಇನ್ನೂ ಒಂದು ಸಂಗತಿಯಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಮುಂತಾದ ಪರೀಕ್ಷೆಗಳಿಗೆ ಹಸಿದಿರಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೂ ‘ರಕ್ತ ಪರೀಕ್ಷೆ’ ಎಂದೊಡನೆ ಬರಿಹೊಟ್ಟೆಯಲ್ಲಿ ಹೊರಡುವ ವೃದ್ಧರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರನ್ನು ವೃಥಾ ಹಸಿವಿನಲ್ಲಿ ಕೂರಿಸುವುದು ಯಾರಿಗೂ ಬೇಕಾಗಿಲ್ಲ. ಯಾರೂ ಕೇಳದ ಕಾರಣ ಅದು ನಡೆದುಕೊಂಡು ಬಂದಿದೆ, ಅಷ್ಟೇ.

ಬಸ್ಸು, ಬೀಡಿ, ಬಿಸಿಲು

ಚಾರ್ಮಾಡಿ ಘಾಟಿಯ ಬುಡದಿಂದಲೋ ನಾರಾವಿಯ ಕಡೆಯಿಂದಲೋ ವಿಟ್ಲದ ಒಳಭಾಗದಿಂದಲೋ ಬರುವವರ ಬೆಳಗನ್ನು ಕಲ್ಪಿಸಿಕೊಳ್ಳೋಣ. ಮನೆಯಿಂದ ರಸ್ತೆಗೆ ನಡೆದು, ಮೊದಲ ಬಸ್ಸಿಗೆ ಕಾದು, ಬಿ.ಸಿ. ರೋಡಿನಲ್ಲೋ ಗುರುವಾಯನಕೆರೆಯಲ್ಲೋ ಇಳಿದು ಇನ್ನೊಂದು ಬಸ್ಸು ಹತ್ತಿ, ಆಸ್ಪತ್ರೆಯ ಬಾಗಿಲಿಗೆ ಬರುವಾಗಲೇ ಹೊತ್ತೇರಿರುತ್ತದೆ. ಮಳೆಗಾಲದಲ್ಲಿ ಇನ್ನೂ ತಡ. ಅಲ್ಲಿ ಹೆಸರು ದಾಖಲಿಸಲು ಒಂದು ಸರತಿ, ಹಣ ಕಟ್ಟಲು ಒಂದು ಸರತಿ, ರಕ್ತ ಕೊಡಲು ಮತ್ತೊಂದು. ಊಟದ ನಂತರದ ಎರಡನೆಯ ರಕ್ತಕ್ಕೆ ಎರಡು ಗಂಟೆ ಕಾಯಬೇಕು. ಗಂಟೆ ಎಣಿಸಬೇಕಾದದ್ದು ಊಟದ ಆರಂಭದಿಂದಲೋ ಕೊನೆಯಿಂದಲೋ ಎಂದು ತಿಳಿದವರು ಎಷ್ಟು ಮಂದಿ? ಆರಂಭದಿಂದಲೇ ಎಣಿಸಬೇಕು. ಊಟಕ್ಕೆ ಎಲ್ಲಿಗೆ ಹೋಗಬೇಕು, ಎಲ್ಲಿ ಕೂರಬೇಕು, ಮೂತ್ರದ ಶೀಶೆ ಹಿಡಿದ ಹೆಂಗಸು ಶೌಚಾಲಯವನ್ನು ಯಾರಲ್ಲಿ ಕೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರೆದ ಫಲಕಗಳು ಎಲ್ಲೆಡೆಯೂ ಇಲ್ಲ.

ಬೀಡಿ ಕಟ್ಟಿ ಬದುಕುವ ಮನೆಗಳು ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಧಾರಾಳವಾಗಿವೆ. ಅಂತಹ ಮನೆಯ ತಾಯಿಗೆ ‘ರಕ್ತ ಹೆಪ್ಪುಗಟ್ಟಿದೆ, ನಾಳೆ ಪುನಃ ಬನ್ನಿ’ ಎಂದರೆ ಒಂದು ದಿನದ ಸಂಪಾದನೆಯೂ ಎರಡು ಬಾರಿಯ ಬಸ್ಸಿನ ಹಣವೂ ಹೋಯಿತೆಂದು ಅರ್ಥ. ಪ್ರಯೋಗಾಲಯದ ಲೆಕ್ಕದಲ್ಲಿ ಅದು ತಿರಸ್ಕೃತ ಮಾದರಿ, ಒಂದೇ ಒಂದು. ಆಕೆಯ ಲೆಕ್ಕದಲ್ಲಿ ಅದು ಪುನಃ ಹೋಗದಿರಲು ಸಾಕಷ್ಟು ಕಾರಣ. ಹೀಗೆ ಅರ್ಧದಲ್ಲಿ ನಿಂತುಹೋದ ಪರೀಕ್ಷೆಗಳು ಯಾವ ದಾಖಲೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಬಂದವರನ್ನು ಮಾತ್ರ ಎಣಿಸುವ ಪುಸ್ತಕ ಬಾರದವರ ಕಷ್ಟವನ್ನು ಹೇಳಲಾರದು.

ರಕ್ತದ ಪ್ರಯಾಣವೂ ರೋಗಿಯ ಪ್ರಯಾಣದಷ್ಟೇ ಮುಖ್ಯ. ತೆಗೆದ ರಕ್ತವನ್ನು ಕಣಗಳಿಂದ ಬೇರ್ಪಡಿಸದೆ ಹಾಗೆಯೇ ಇಟ್ಟರೆ, ಶೀಶೆಯೊಳಗಿನ ಜೀವಕಣಗಳು ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಇರುವುದರಿಂದ, ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಿಸಿಲಿನಲ್ಲಿ ಪಯಣಿಸಿ ಮಧ್ಯಾಹ್ನ ಪೇಟೆಗೆ ತಲಪಿದರೆ ನಿಜವಾದ ಕಾಯಿಲೆ ಕಾಗದದ ಮೇಲೆ ಮರೆಯಾಗಬಹುದು. ನನ್ನ ರಕ್ತ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ತಲಪುತ್ತದೆ ಎಂದು ಕೇಳುವುದು ರೋಗಿಯ ಅಧಿಕಪ್ರಸಂಗವಲ್ಲ, ಹಕ್ಕು.

ಒಂದೇ ಹೆಸರಿನ ಹಲವರು

ನಮ್ಮ ಸಮುದಾಯಕ್ಕೆ ವಿಶೇಷವಾಗಿ ತಟ್ಟುವ ಒಂದು ಅಪಾಯವಿದೆ. ನಮ್ಮ ಯಾವುದೇ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕವನ್ನು ತೆರೆದರೂ ಮೇರಿ, ಜೋನ್, ಲಿಲ್ಲಿ, ಅಂತೋನಿ ಎಂಬ ಕೆಲವೇ ಹೆಸರುಗಳು ಡಿ’ಸೋಜ, ಪಿಂಟೊ, ಫೆರ್ನಾಂಡಿಸ್, ಲೋಬೊ ಎಂಬ ಕೆಲವೇ ಕುಲನಾಮಗಳೊಂದಿಗೆ ಮತ್ತೆ ಮತ್ತೆ ಕೂಡಿಕೊಳ್ಳುತ್ತವೆ. ಸರತಿಯಲ್ಲಿ ‘ಮೇರಿ ಡಿ’ಸೋಜ’ ಎಂದು ಕೂಗಿದರೆ ಇಬ್ಬರು ಎದ್ದು ನಿಲ್ಲುವುದು ಆಶ್ಚರ್ಯವಲ್ಲ; ಕಿವಿ ಮಂದವಾದ ಮೂರನೆಯವರು ಕೂಡ ‘ಹೌದು’ ಎನ್ನಬಹುದು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಹೋದರೆ ಇಬ್ಬರಿಗೂ ಕೇಡು. ರಕ್ತದ ಗುಂಪಿನ ಪರೀಕ್ಷೆಯಲ್ಲಾದರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಹೆಸರಿನ ಜತೆ ಜನ್ಮದಿನಾಂಕವೋ ಆಸ್ಪತ್ರೆಯ ಸಂಖ್ಯೆಯೋ ಸೇರಿ ಎರಡು ಗುರುತುಗಳು ಇರಬೇಕು, ಹೆಸರನ್ನು ಸಿಬ್ಬಂದಿ ಹೇಳದೆ ರೋಗಿಯೇ ಹೇಳಬೇಕು, ಶೀಶೆಯ ಚೀಟಿಯನ್ನು ರೋಗಿಯ ಕಣ್ಣೆದುರಿಗೇ ಅಂಟಿಸಬೇಕು ಎಂಬ ನಿಯಮವನ್ನು ಜಗತ್ತಿನಾದ್ಯಂತ ಒಪ್ಪಿಕೊಳ್ಳಲಾಗಿದೆ. ಈ ನಿಯಮವನ್ನು ರೋಗಿಗಳಿಗೂ ತಿಳಿಸಿದರೆ ಅದಕ್ಕೆ ಒಬ್ಬ ಕಾವಲುಗಾರ ಹೆಚ್ಚಾದಂತೆ.

ಹೆಸರಿನೊಂದಿಗೆ ಪರೀಕ್ಷೆಯನ್ನೂ ಗಟ್ಟಿಯಾಗಿ ಕೂಗುವ ಅಭ್ಯಾಸ ಎಲ್ಲೇ ಇದ್ದರೂ ನಿಲ್ಲಬೇಕು. ಪರಸ್ಪರ ಪರಿಚಯವಿರುವ ಊರಿನಲ್ಲಿ ಕ್ಷಯರೋಗದ ಕಫ ಪರೀಕ್ಷೆ, ಗರ್ಭ ಪರೀಕ್ಷೆ, ಎಚ್‌ಐವಿ ಪರೀಕ್ಷೆಗಳ ಹೆಸರು ಕಿವಿಯಿಂದ ಕಿವಿಗೆ ಸಾಗಲು ಹೆಚ್ಚು ಹೊತ್ತು ಬೇಡ. ಅದಕ್ಕೆ ಹೆದರಿ ಪರೀಕ್ಷೆಯಿಂದಲೇ ದೂರ ಉಳಿಯುವವರನ್ನು ಯಾವ ಯಂತ್ರವೂ ಪತ್ತೆಹಚ್ಚಲಾರದು.

ಜ್ವರ ಎಷ್ಟನೆಯ ದಿನ?

ಜ್ವರದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಕಹಿ ಅನುಭವವಿದೆ. ಮಲೇರಿಯಾ, ಡೆಂಗ್ಯೂ, ಇಲಿಜ್ವರಗಳು ಮಳೆಯೊಂದಿಗೆ ಬಂದುಹೋಗುತ್ತಿರುತ್ತವೆ. ಬೆಳ್ತಂಗಡಿ ತಾಲೂಕಿನ ಹಿರಿಯರು 1982-83ರ ಮಂಗನ ಕಾಯಿಲೆಯನ್ನು ಮರೆತಿರಲಾರರು. ಗೇರು ಬೆಳೆಸುವುದಕ್ಕಾಗಿ ಕಾಡು ಕಡಿದ ನಿಡ್ಲೆಯ ಪರಿಸರದಲ್ಲಿ ಅದು ಕಾಣಿಸಿಕೊಂಡು ಅನೇಕ ಪ್ರಾಣಗಳನ್ನು ಬಲಿ ತೆಗೆದುಕೊಂಡಿತು. ಇಂತಹ ಜ್ವರಗಳಲ್ಲಿ ಯಾವ ದಿನ ಯಾವ ಪರೀಕ್ಷೆ ಎಂಬುದು ಮುಖ್ಯ. ಡೆಂಗ್ಯೂವಿನ ಎನ್‌ಎಸ್‌1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ. ಐಜಿಎಂ ಪರೀಕ್ಷೆ ಆ ಬಳಿಕ. ಇಲಿಜ್ವರದ ಪ್ರತಿಕಾಯಗಳೂ ಸಾಮಾನ್ಯವಾಗಿ ಮೊದಲ ವಾರದ ಕೊನೆಗಷ್ಟೇ ಕಾಣಿಸುತ್ತವೆ. ಎರಡನೆಯ ದಿನವೇ ಆ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂಬ ವರದಿ ಹಿಡಿದು ನಿಶ್ಚಿಂತೆಯಿಂದ ತೋಟಕ್ಕಿಳಿದವನಿಗೆ ಆ ಕಾಗದ ಮೋಸ ಮಾಡಿದಂತಾಯಿತು. ಜ್ವರ ಹಿಡಿದು ಎಷ್ಟು ದಿನವಾಯಿತು, ಕಾಡಿಗೋ ಗದ್ದೆಗೋ ಹೋಗಿದ್ದೀರಾ, ಈಗಾಗಲೇ ಯಾವ ಮದ್ದು ತೆಗೆದುಕೊಂಡಿದ್ದೀರಿ ಎಂಬ ಮೂರು ಪ್ರಶ್ನೆಗಳು ಕಿಂಡಿಯ ಬಳಿಯಲ್ಲೇ ಕೇಳಲ್ಪಟ್ಟು ಚೀಟಿಯಲ್ಲಿ ದಾಖಲಾಗಬೇಕು.

‘ರೋಗಿಗೇನು ಗೊತ್ತು, ಅವನನ್ನು ಕೇಳಿ ಪ್ರಯೋಗಾಲಯ ನಡೆಸಬೇಕೇ’ ಎಂದು ಕೇಳುವವರು ಇದ್ದಾರು. ಅಂಥವರಿಗೆ ಇದೇ ಮಂಗನ ಕಾಯಿಲೆಯ ಚರಿತ್ರೆ ಉತ್ತರ ಕೊಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಯವರಿಗೂ ಜ್ವರ ಬರುತ್ತಿದೆ ಎಂಬ ಸ್ಥಳೀಯ ಸುದ್ದಿಯೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರನ್ನು ಅಲ್ಲಿಗೆ ಕರೆತಂದಿತು. ಹಳದಿ ಜ್ವರವಿರಬಹುದೇ ಎಂಬ ಶಂಕೆಯಿಂದ ಬಂದವರು ಹೊಸದೊಂದು ವೈರಸ್ಸನ್ನೇ ಕಂಡುಹಿಡಿದರು. ವೈರಸ್ಸನ್ನು ಗುರುತಿಸಿದ್ದು ಪ್ರಯೋಗಾಲಯ. ಎಲ್ಲಿ ಹುಡುಕಬೇಕೆಂದು ತೋರಿಸಿದ್ದು ಜನರ ಕಣ್ಣು.

ಕಡಲಾಚೆ ತಲಪುವ ವರದಿ

ವರದಿಯ ಕಥೆಯೂ ಇದೇ. ಅದು ಇಂಗ್ಲಿಷಿನಲ್ಲಿರುತ್ತದೆ, ಓದಬೇಕಾದವರು ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ, ಮಲಯಾಳ ಆಡುವವರು. ಅಂಕೆಯ ಪಕ್ಕದಲ್ಲಿ ದಪ್ಪಕ್ಷರದ ಗುರುತೊಂದು ಕಂಡರೆ ಕೆಲವರು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಅದು ಗಾಬರಿಪಡಬೇಕಾದ ಏರಿಕೆಯೋ ಅಲ್ಪ ವ್ಯತ್ಯಾಸವೋ ಎಂದು ಹೇಳುವವರಿಲ್ಲ. ಇನ್ನು ಕೆಲವರಲ್ಲಿ ನಿಜಕ್ಕೂ ಅಪಾಯದ ಅಂಕೆಯಿದ್ದರೂ ಕಾಗದ ಮಡಚಿ ಬೈಬಲಿನ ನಡುವೆ ಇಡಲ್ಪಡುತ್ತದೆ, ಮುಂದಿನ ತಿಂಗಳ ಭೇಟಿಯವರೆಗೆ.

ಈಗ ವರದಿಗಳು ದೂರವಾಣಿಗೆ ಬರುತ್ತವೆ. ಅನುಕೂಲವೇ ಸರಿ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಕೊಟ್ಟಿರುವ ಸಂಖ್ಯೆ ದುಬಾಯಿಯಲ್ಲೋ ಕುವೈತಿನಲ್ಲೋ ಇರುವ ಮಗನದು. ವರದಿ ಕ್ಷಣಮಾತ್ರದಲ್ಲಿ ಕಡಲಾಚೆ ತಲಪುತ್ತದೆ. ಒಂಟಿಯಾಗಿ ಹಳ್ಳಿಮನೆಯಲ್ಲಿರುವ ತಾಯಿಗೆ ಅದು ತಿಳಿಯುವುದು ಮಗನ ಕೆಲಸ ಮುಗಿದ ಮೇಲೆ. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿದೆ ಎಂಬಂಥ ಸುದ್ದಿ ಅಷ್ಟು ಹೊತ್ತು ಕಾಯಲಾರದು. ‘ತುರ್ತಿದ್ದರೆ ಊರಿನಲ್ಲಿ ಯಾರಿಗೆ ತಿಳಿಸಬೇಕು’ ಎಂಬ ಒಂದು ಸಾಲು ಅರ್ಜಿಯಲ್ಲಿ ಸೇರಿದರೆ ಸಾಕು. ಈ ಕೊರತೆ ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ. ಆ ತಾಯಿಯನ್ನು ಕೇಳಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಕೇಳುವ ಬಗೆ

ಕೇಳುವುದಕ್ಕೂ ಕ್ರಮವಿದೆ. ಬಾಗಿಲಲ್ಲಿ ಸಲಹಾ ಪೆಟ್ಟಿಗೆ ತೂಗಹಾಕಿ ಬೀಗ ಜಡಿದರೆ ಕೇಳಿದಂತಾಗುವುದಿಲ್ಲ. ‘ಸೇವೆ ತೃಪ್ತಿಕರವೇ’ ಎಂದು ಕೇಳಿದರೆ ನಮ್ಮ ಜನ ಸಂಕೋಚದಿಂದ ‘ಹೌದು’ ಎಂದೇ ಹೇಳುತ್ತಾರೆ. 2005ರ ಸುಮಾರಿಗೆ ಇಂಗ್ಲೆಂಡಿನ ಲೂಟನ್ ಅಂಡ್ ಡನ್‌ಸ್ಟಬಲ್ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಸೇವೆಯನ್ನು ಸುಧಾರಿಸಲು ಬೇರೊಂದು ಮಾರ್ಗವನ್ನು ಅನುಸರಿಸಲಾಯಿತು. ರೋಗಿಗಳು ತಮ್ಮ ಅನುಭವವನ್ನು ಮೊದಲಿನಿಂದ ಕೊನೆಯವರೆಗೆ ಕಥೆಯಾಗಿ ಹೇಳಿದರು. ಸಿಬ್ಬಂದಿಯೂ ತಮ್ಮ ಕಷ್ಟಗಳನ್ನು ಹೇಳಿದರು. ಬಳಿಕ ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತು ಯಾವುದನ್ನು ಮೊದಲು ಬದಲಿಸಬೇಕೆಂದು ನಿರ್ಧರಿಸಿ ಒಟ್ಟಾಗಿ ಬದಲಿಸಿದರು. ಈ ಪದ್ಧತಿ ಅಲ್ಲಿಂದ ಅನೇಕ ದೇಶಗಳಿಗೆ ಹರಡಿದೆ.

ಇದೇ ಕೆಲಸವನ್ನು ನಮ್ಮಲ್ಲಿ ಅಲ್ಪ ಪ್ರಮಾಣದಲ್ಲಿ ಮಾಡಬಹುದು. ಹತ್ತು ಮಂದಿ ರೋಗಿಗಳನ್ನು ಆರಿಸಿಕೊಳ್ಳಿ: ವೃದ್ಧರು, ಗರ್ಭಿಣಿಯರು, ಕೂಲಿಕಾರರು, ಓದುಬರಹ ಬಾರದವರು. ಅವರ ಒಪ್ಪಿಗೆ ಪಡೆದು, ಮನೆಯಿಂದ ಹೊರಟಲ್ಲಿಂದ ವರದಿ ಕೈಸೇರುವವರೆಗೆ ಅವರ ಜತೆಗಿರಿ. ಎಲ್ಲಿ ಎಷ್ಟು ಹೊತ್ತು ಕಾದರು, ಯಾವ ಮಾತು ಅರ್ಥವಾಗಲಿಲ್ಲ, ಎಲ್ಲಿ ದಾರಿ ತಪ್ಪಿತು ಎಂದು ಬರೆದುಕೊಳ್ಳಿ, ಹೆಸರು ಬರೆಯಬೇಡಿ. ರಕ್ತ ತೆಗೆಯುವ ಸಿಬ್ಬಂದಿಯ ಬಳಿಯೂ ಅಷ್ಟೇ ತಾಳ್ಮೆಯಿಂದ ಕುಳಿತುಕೊಳ್ಳಿ. ಒಬ್ಬರೇ ರಕ್ತ ತೆಗೆದು, ಪುಸ್ತಕ ಬರೆದು, ದೂರವಾಣಿಗೆ ಉತ್ತರಿಸಿ, ಬೈಗುಳವನ್ನೂ ಕೇಳಿಸಿಕೊಳ್ಳುವ ಪರಿಸ್ಥಿತಿ ಅವರದಾಗಿರಬಹುದು. ಅವರ ಮೇಲೆ ತಪ್ಪು ಹೊರಿಸುವುದು ಸುಲಭ, ಫಲವಿಲ್ಲ. ಆಮೇಲೆ ಒಂದೇ ಒಂದು ಬದಲಾವಣೆಯನ್ನು ಆರಿಸಿ ಒಂದು ತಿಂಗಳು ನಡೆಸಿ. ಮೊದಲು ಎಷ್ಟು ಮಾದರಿಗಳು ತಿರಸ್ಕೃತವಾಗುತ್ತಿದ್ದವು, ಈಗೆಷ್ಟು; ಮೊದಲು ಎಷ್ಟು ವರದಿಗಳು ಯಾರೂ ಒಯ್ಯದೆ ಉಳಿಯುತ್ತಿದ್ದವು, ಈಗೆಷ್ಟು ಎಂದು ಎಣಿಸಿ. ಫಲ ಕಂಡರೆ ಮುಂದುವರಿಸಿ, ಕಾಣದಿದ್ದರೆ ಬಿಟ್ಟು ಇನ್ನೊಂದನ್ನು ಹಿಡಿಯಿರಿ.

ನಮ್ಮ ಪಾಲಿನ ಕೆಲಸ

ಆಸ್ಪತ್ರೆಗಳ ಆಡಳಿತದವರು ಈ ಸಲಹೆಯನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇವೆ. ಆದರೆ ನಮ್ಮ ಪಾಲಿನದನ್ನೂ ಮರೆಯಬಾರದು. ಮೊಡಂಕಾಪಿನಿಂದ ಬೆಳ್ತಂಗಡಿಯವರೆಗೆ, ಉಜಿರೆಯಿಂದ ಅಲಂಗಾರಿನವರೆಗೆ ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆಯ ಗುರಿಕಾರರಿದ್ದಾರೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಿದ್ದಾರೆ, ಕಥೊಲಿಕ್ ಸಭಾದವರಿದ್ದಾರೆ, ನಿವೃತ್ತ ದಾದಿಯರಿದ್ದಾರೆ, ಉತ್ಸಾಹಿ ಯುವಜನರಿದ್ದಾರೆ. ಒಂಟಿ ವೃದ್ಧರೊಡನೆ ಪರೀಕ್ಷೆಯ ದಿನ ಒಬ್ಬರು ಹೋಗುವ ಏರ್ಪಾಟು ಮಾಡಿದರೆ ಅದು ಸೇವೆಯೂ ಹೌದು, ಅಧ್ಯಯನವೂ ಹೌದು. ಅವರು ಕಂಡದ್ದನ್ನು ಸೌಜನ್ಯದಿಂದ ಬರೆದು ಆಸ್ಪತ್ರೆಗೆ ತಿಳಿಸಲಿ. ನೆರೆಹೊರೆಯ ಹಿಂದೂ, ಮುಸ್ಲಿಂ, ಜೈನ ಬಂಧುಗಳನ್ನೂ ಇದರಲ್ಲಿ ಸೇರಿಸಿಕೊಳ್ಳಲಿ. ಸರತಿ ಎಲ್ಲರಿಗೂ ಒಂದೇ.

ರೋಗಿಗಳಾಗಿ ನಮಗೂ ಕರ್ತವ್ಯಗಳಿವೆ. ತಿಂದದ್ದನ್ನು ತಿಂದಿಲ್ಲವೆನ್ನಬಾರದು. ನಾಟಿ ಮದ್ದು ಸೇರಿದಂತೆ ಸೇವಿಸುತ್ತಿರುವ ಔಷಧಿಗಳನ್ನು ಮರೆಮಾಚಬಾರದು. ಜ್ವರ ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಡಬೇಕು. ಹಳೆಯ ವರದಿಗಳನ್ನು ಒಂದು ಕಡತದಲ್ಲಿ ಜೋಡಿಸಿ ಒಯ್ಯಬೇಕು. ಶೀಶೆಯ ಮೇಲೆ ತನ್ನ ಹೆಸರಿದೆಯೇ ಎಂದು ನೋಡಬೇಕು. ಅರ್ಥವಾಗದ್ದನ್ನು ಎರಡನೆಯ ಬಾರಿ ಕೇಳಲು ನಾಚಬಾರದು.

ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಘೋಷಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಪ್ರತಿವರ್ಷ ಫೆಬ್ರವರಿ 11ರಂದು ಆಚರಿಸುತ್ತಿದ್ದೇವೆ. ಅಂದು ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ, ಹಣ್ಣುಹಂಪಲು ಹಂಚುತ್ತೇವೆ. ಮುಂದಿನ ಸಲ ಅವರ ಪಕ್ಕದಲ್ಲಿ ಕುಳಿತು ಅವರ ಅನುಭವವನ್ನು ಕೇಳಿ ಬರೆದುಕೊಳ್ಳುವ ಕೆಲಸವೂ ನಡೆಯಲಿ. ಜೆರಿಕೊದ ದಾರಿಬದಿಯ ಕುರುಡನಿಗೆ ಏನು ಬೇಕೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು. ಆದರೂ ಪ್ರಭು ಮೊದಲು ಆತನನ್ನೇ ಕೇಳಿದರು, ಬಳಿಕ ಗುಣಪಡಿಸಿದರು. ನಮ್ಮ ಆಸ್ಪತ್ರೆಗಳೂ ನಾವೂ ಅದೇ ಕ್ರಮವನ್ನು ಅನುಸರಿಸಿದರೆ, ಕಿಂಡಿಯ ಹೊರಗೆ ಕಾದವರ ಕೈಸೇರುವ ಕಾಗದ ಇನ್ನಷ್ಟು ನಂಬಿಕೆಗೆ ಯೋಗ್ಯವಾದೀತು.